ಯುದ್ಧದ ಪ್ರಶ್ನೆ ಬಂದಾಗ ಅಭ್ಯರ್ಥಿಗಳೇಕೆ ಅಳೆದು ತೂಗಿ ಮಾತನಾಡುತ್ತಾರೆ?

ಪ್ರಶ್ನೆ: ತೆರಿಗೆ, ಉದ್ಯೋಗ, ವಲಸೆಯಂಥ ವಿಷಯಗಳ ಮೇಲೆ ಗಂಟೆಗಟ್ಟಲೆ ಭಾಷಣ ಮಾಡುವ ಅಮೆರಿಕದ ಅಧ್ಯಕ್ಷೀಯ ಅಭ್ಯರ್ಥಿಗಳು, ಯುದ್ಧದ ಬಗ್ಗೆ ಕೇಳಿದೊಡನೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಉತ್ತರಿಸುವುದೇಕೆ? ಇದು ಮತ ಕಳೆದುಕೊಳ್ಳುವ ಭಯವಷ್ಟೆಯೇ?

ಉತ್ತರ: ಭಯವಂತೂ ಇದ್ದೇ ಇದೆ. ಆದರೆ ಅದು ಯಾವುದರ ಭಯ ಎಂಬುದನ್ನು ಬಿಡಿಸಿ ನೋಡಬೇಕು. ತೆರಿಗೆಯ ಕುರಿತು ಆಡಿದ ಮಾತು ತಪ್ಪಾದರೆ ಮುಂದಿನ ಬಜೆಟ್ಟಿನಲ್ಲಿ ತಿದ್ದಿಕೊಳ್ಳಲು ಅವಕಾಶವಿರುತ್ತದೆ. ಯುದ್ಧದ ವಿಷಯದಲ್ಲಾದರೋ ಅಭ್ಯರ್ಥಿಯು ನಿಲುವು ತಳೆದ ದಿನಕ್ಕೂ ಮತದಾನದ ದಿನಕ್ಕೂ ನಡುವೆ ರಣರಂಗದ ಸ್ಥಿತಿಯೇ ಬದಲಾಗಿರುತ್ತದೆ. ಆ ಬದಲಾವಣೆಯ ಮೇಲೆ ಅವರಿಗೆ ಯಾವ ಹಿಡಿತವೂ ಇರುವುದಿಲ್ಲ, ಅವರ ಹಳೆಯ ಮಾತು ಮಾತ್ರ ದಾಖಲೆಯಲ್ಲಿ ಹಾಗೆಯೇ ಉಳಿದಿರುತ್ತದೆ.

1991ರ ಜನವರಿ 12ರಂದು ಕೊಲ್ಲಿ ಯುದ್ಧಕ್ಕೆ ಅನುಮತಿ ನೀಡುವ ನಿರ್ಣಯವು ಸೆನೆಟ್‌ನಲ್ಲಿ 52–47 ಮತಗಳಿಂದ ಕಷ್ಟಪಟ್ಟು ಗೆದ್ದಿತು. ಡೆಮಾಕ್ರಟಿಕ್ ಪಕ್ಷದ ಬಹುಪಾಲು ಸೆನೆಟರುಗಳು ಅದನ್ನು ವಿರೋಧಿಸಿದ್ದರು. ಯುದ್ಧ ಆರೇ ವಾರಗಳಲ್ಲಿ ಅಮೆರಿಕದ ಗೆಲುವಿನೊಂದಿಗೆ ಮುಗಿದಾಗ, ರಕ್ಷಣಾ ವಿಷಯಗಳಲ್ಲಿ ಪಕ್ಷದ ಹಿರಿಯ ತಜ್ಞರೆನಿಸಿದ್ದ ಸ್ಯಾಮ್ ನನ್ ಅವರಂಥವರು ವಿರೋಧದ ಮತಕ್ಕಾಗಿ ಟೀಕೆಗೊಳಗಾದರು. ಪರವಾಗಿ ಮತ ಹಾಕಿದ್ದ ಕೆಲವೇ ಡೆಮಾಕ್ರಟರಲ್ಲಿ ಒಬ್ಬರಾದ ಅಲ್ ಗೋರ್ ಮರುವರ್ಷ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾದರು. ಶ್ವೇತಭವನದ ಮೇಲೆ ಕಣ್ಣಿಟ್ಟಿದ್ದವರೆಲ್ಲ ಇದರಿಂದ ಕಲಿತ ಪಾಠವೆಂದರೆ, ಯುದ್ಧವನ್ನು ವಿರೋಧಿಸಿ ಅದು ಗೆದ್ದುಬಿಟ್ಟರೆ ತಮ್ಮ ಕಥೆ ಮುಗಿಯಿತು ಎಂಬುದು.

ಈ ಪಾಠವನ್ನು ಹೊತ್ತುಕೊಂಡೇ ಅವರು 2002ರ ಅಕ್ಟೋಬರ್‌ನಲ್ಲಿ ಇರಾಕ್ ಮೇಲಿನ ಯುದ್ಧಕ್ಕೆ ಅನುಮತಿ ನೀಡುವ ನಿರ್ಣಯದ ಮುಂದೆ ನಿಂತರು. ಅಧ್ಯಕ್ಷರ ಅವಧಿಯ ನಡುವೆ ಬರುವ ಸಂಸತ್ತಿನ ಚುನಾವಣೆಗೆ ಒಂದು ತಿಂಗಳೂ ಉಳಿದಿರಲಿಲ್ಲ. ಸೆನೆಟ್‌ನಲ್ಲಿ ನಿರ್ಣಯದ ಪರ 77, ವಿರುದ್ಧ 23 ಮತಗಳು ಬಿದ್ದವು. ಮುಂದೆ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ ಜಾನ್ ಕೆರಿ, ಜಾನ್ ಎಡ್ವರ್ಡ್ಸ್, ಹಿಲರಿ ಕ್ಲಿಂಟನ್, ಜೋ ಬೈಡನ್ ಎಲ್ಲರೂ ಪರವಾಗಿಯೇ ಇದ್ದರು. ತಮ್ಮ ಮತವು ಏಕಪಕ್ಷೀಯ ಕ್ರಮಕ್ಕಾಗಲಿ, ಮುಂಚಿತವಾಗಿಯೇ ದಾಳಿ ಮಾಡುವ ಹೊಸ ನೀತಿಗಾಗಲಿ ನೀಡಿದ ಸಮ್ಮತಿಯಲ್ಲ ಎಂದು ಕ್ಲಿಂಟನ್ ಸದನದಲ್ಲಿ ವಿವರವಾಗಿ ಹೇಳಿದ್ದರು. ಆ ವಿವರಣೆಯನ್ನು ಇಂದು ಎಷ್ಟು ಜನ ನೆನಪಿಟ್ಟುಕೊಂಡಿದ್ದಾರೆ? ಕಡತದಲ್ಲಿ ಉಳಿದದ್ದು ‘ಹೌದು’ ಎಂಬ ಮತ ಮಾತ್ರ. ಯುದ್ಧ ಹದಗೆಟ್ಟ ಮೇಲೆ, ಪಕ್ಷದ ಅಭ್ಯರ್ಥಿಯನ್ನು ಆರಿಸುವ 2008ರ ಪ್ರಾಥಮಿಕ ಚುನಾವಣೆಗಳಲ್ಲಿ ಅದೇ ಮತ ಅವರಿಗೆ ಮುಳುವಾಯಿತು. ಅಂದು ಜಾಣತನವೆನಿಸಿದ್ದ ಎಚ್ಚರಿಕೆಯ ಬೆಲೆಯನ್ನು ಅವರು ಆರು ವರ್ಷಗಳ ನಂತರ ತೆತ್ತರು.

ಪ್ರಶ್ನೆ: ಹಾಗಿದ್ದರೆ ಬರಾಕ್ ಒಬಾಮ ಅವರು ಮೊದಲೇ ಧೈರ್ಯವಾಗಿ ವಿರೋಧಿಸಿದ್ದರಿಂದಲೇ ಗೆದ್ದರು ಎನ್ನಬಹುದಲ್ಲವೇ?

ಉತ್ತರ: ಅರ್ಧ ಮಾತ್ರ ಒಪ್ಪಬಹುದು. 2002ರ ಅಕ್ಟೋಬರ್ 2ರಂದು ಶಿಕಾಗೋದ ಸಭೆಯೊಂದರಲ್ಲಿ ಅವರು, ತಾವು ಎಲ್ಲ ಯುದ್ಧಗಳ ವಿರೋಧಿಯಲ್ಲ, ಮೂರ್ಖತನದ ಯುದ್ಧದ ವಿರೋಧಿ ಎಂದು ಹೇಳಿದ್ದು ನಿಜ. ಸೆನೆಟ್ ಸ್ಪರ್ಧೆಗೆ ಸಿದ್ಧರಾಗುತ್ತಿದ್ದವರು ಹಾಗೆ ಹೇಳಲು ಧೈರ್ಯ ಬೇಕಿತ್ತು ಎಂಬುದೂ ನಿಜ. ಆದರೆ ಅವರು ಆಗ ಇಲಿನಾಯ್ ರಾಜ್ಯದ ಶಾಸಕಾಂಗದಲ್ಲಿದ್ದರು. ವಾಷಿಂಗ್ಟನ್ನಿನಲ್ಲಿ ಕೈ ಎತ್ತುವ ಹೊಣೆ ಅವರ ಮೇಲಿರಲಿಲ್ಲ. 2004ರ ಬೇಸಿಗೆಯಲ್ಲಿ, ಪಕ್ಷದ ಅಭ್ಯರ್ಥಿಗಳಾದ ಕೆರಿ ಮತ್ತು ಎಡ್ವರ್ಡ್ಸ್ ಇಬ್ಬರೂ ಯುದ್ಧದ ಪರ ಮತ ಹಾಕಿದವರೇ ಆಗಿದ್ದ ಹೊತ್ತಿನಲ್ಲಿ, ತಾವು ಸೆನೆಟ್‌ನಲ್ಲಿದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಪತ್ರಕರ್ತರು ಕೇಳಿದಾಗ ಅವರಿತ್ತ ಉತ್ತರ ‘ಗೊತ್ತಿಲ್ಲ’ ಎಂಬುದಾಗಿತ್ತು. ಸೆನೆಟ್‌ಗೆ ಸಿಕ್ಕಿದ್ದ ಗುಪ್ತಚರ ವರದಿಗಳನ್ನು ತಾವು ನೋಡಿಲ್ಲವೆಂಬುದು ಅವರು ಕೊಟ್ಟ ಕಾರಣ. ಧೈರ್ಯವಂತರೆನಿಸಿಕೊಂಡವರೂ ಪಕ್ಷದ ಒಗ್ಗಟ್ಟಿನ ಎದುರು ದನಿ ತಗ್ಗಿಸುತ್ತಾರೆ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ನನಗೆ ತೋಚುವುದಿಲ್ಲ.

ಪ್ರಶ್ನೆ: ಸಂಧಾನ ನಡೆಯುತ್ತಿರುವಾಗ, ಸೈನಿಕರು ಗಡಿಯಾಚೆ ಹೋರಾಡುತ್ತಿರುವಾಗ ಅಭ್ಯರ್ಥಿಗಳು ಬಾಯಿ ಬಿಗಿಹಿಡಿಯುವುದು ಜವಾಬ್ದಾರಿಯ ಲಕ್ಷಣವಲ್ಲವೇ? ಅದನ್ನೂ ಹೇಡಿತನವೆಂದರೆ ಅನ್ಯಾಯವಾದೀತು.

ಉತ್ತರ: ತಮ್ಮ ಮಾತಿನಲ್ಲಿ ಸತ್ಯಾಂಶವಿದೆ. ದೇಶಕ್ಕೆ ಒಮ್ಮೆಗೆ ಒಬ್ಬರೇ ಅಧ್ಯಕ್ಷರು. ಎದುರಾಳಿ ದೇಶವು ‘ಮುಂದೆ ಬರುವವನು ಇನ್ನೂ ಒಳ್ಳೆಯ ಷರತ್ತು ಕೊಡುತ್ತಾನೆ’ ಎಂದು ಕಾದು ಕುಳಿತರೆ ಮಾತುಕತೆ ಕೆಡುತ್ತದೆ. ಆದರೆ ಈ ನೆಪವನ್ನು ಯಾರು ಹೇಗೆ ಬಳಸಿಕೊಂಡರು ಎಂಬುದನ್ನು 1968ರ ಚುನಾವಣೆಯಲ್ಲಿ ಸ್ವಲ್ಪ ಹತ್ತಿರದಿಂದ ನೋಡೋಣ.

ಆ ವರ್ಷ ರಿಪಬ್ಲಿಕನ್ ಅಭ್ಯರ್ಥಿ ರಿಚರ್ಡ್ ನಿಕ್ಸನ್, ಹೊಸ ನಾಯಕತ್ವವು ವಿಯೆಟ್ನಾಂ ಯುದ್ಧವನ್ನು ಮುಗಿಸುತ್ತದೆ ಎಂದು ಹೇಳಿದರೇ ಹೊರತು ಹೇಗೆ ಎಂದು ಹೇಳಲಿಲ್ಲ. ಉತ್ತರ ವಿಯೆಟ್ನಾಂ ಜೊತೆ ಪ್ಯಾರಿಸ್ಸಿನಲ್ಲಿ ನಡೆಯುತ್ತಿದ್ದ ಶಾಂತಿ ಮಾತುಕತೆಗೆ ಅಡ್ಡಿಯಾಗಬಾರದೆಂಬುದು ಅವರು ಮುಂದಿಟ್ಟ ಕಾರಣ. ಡೆಮಾಕ್ರಟಿಕ್ ಅಭ್ಯರ್ಥಿ ಹ್ಯೂಬರ್ಟ್ ಹಂಫ್ರಿ ಅವರ ಇಕ್ಕಟ್ಟು ಬೇರೆ ಬಗೆಯದು: ಅವರು ಅಧ್ಯಕ್ಷ ಲಿಂಡನ್ ಜಾನ್ಸನ್ನರ ಉಪಾಧ್ಯಕ್ಷರು, ಯುದ್ಧವನ್ನು ಟೀಕಿಸಿದರೆ ತಮ್ಮದೇ ಸರ್ಕಾರವನ್ನು ಟೀಕಿಸಿದಂತೆ, ಸಮರ್ಥಿಸಿದರೆ ಸಭೆಸಭೆಗಳಲ್ಲಿ ಧಿಕ್ಕಾರ ಕೂಗುತ್ತಿದ್ದ ಯುದ್ಧವಿರೋಧಿಗಳನ್ನು ಕಳೆದುಕೊಂಡಂತೆ. ಕೊನೆಗೆ ಸೆಪ್ಟೆಂಬರ್ 30ರಂದು ಸಾಲ್ಟ್ ಲೇಕ್ ಸಿಟಿಯಿಂದ ಅವರು ದೂರದರ್ಶನ ಭಾಷಣ ಮಾಡಿದರು. ಮಾತನಾಡುತ್ತಿರುವವರು ಉಪಾಧ್ಯಕ್ಷರಲ್ಲ, ಅಭ್ಯರ್ಥಿ ಎಂದು ತೋರಿಸಲು ಉಪಾಧ್ಯಕ್ಷರ ಮುದ್ರೆಯನ್ನು ಅಲ್ಲಿ ಇಟ್ಟಿರಲಿಲ್ಲ. ಭಾಷಣಕ್ಕೆ ಸ್ವಲ್ಪ ಮೊದಲು ಅವರೇ ಜಾನ್ಸನ್ನರಿಗೆ ಫೋನ್ ಮಾಡಿ ತಾವು ಏನು ಹೇಳಲಿದ್ದೇವೆಂದು ತಿಳಿಸಿದ್ದರು.

ಭಾಷಣದಲ್ಲಿ ಅವರು ಹೇಳಿದ್ದಾದರೂ ಏನು? ಅಧ್ಯಕ್ಷರಾದರೆ, ಶಾಂತಿಗಾಗಿ ತೆಗೆದುಕೊಳ್ಳಬಹುದಾದ ಅಪಾಯವೆಂದು ಬಗೆದು ಉತ್ತರ ವಿಯೆಟ್ನಾಂ ಮೇಲಿನ ಬಾಂಬ್ ದಾಳಿಯನ್ನು ನಿಲ್ಲಿಸುವುದಾಗಿ; ಆದರೆ ಅದಕ್ಕೆ ಮುನ್ನ, ಎರಡು ವಿಯೆಟ್ನಾಂಗಳ ನಡುವಿನ ಸೇನಾರಹಿತ ವಲಯವನ್ನು ಗೌರವಿಸುವ ಮನಸ್ಸು ಆ ಕಡೆಯವರಿಗಿದೆಯೇ ಎಂಬುದರ ಸುಳಿವನ್ನು, ಮಾತಿನಲ್ಲೋ ಕೃತಿಯಲ್ಲೋ, ನೋಡುವುದಾಗಿ; ಅವರು ವಂಚಿಸಿದರೆ ದಾಳಿ ಮತ್ತೆ ಆರಂಭಿಸುವ ಹಕ್ಕನ್ನು ಉಳಿಸಿಕೊಳ್ಳುವುದಾಗಿ. ಒಂದು ಹೆಜ್ಜೆ ಮುಂದಿಟ್ಟು ಅರ್ಧ ಹೆಜ್ಜೆ ಹಿಂದೆ ಸರಿದಂಥ ಮಾತು ಎಂದು ನಗಬಹುದು. ಆದರೂ ಕೇಳುಗರಿಗೆ ಅಲ್ಲಿ ಹಿಡಿದುಕೊಳ್ಳಲು ಏನೋ ಸಿಕ್ಕಿತು. ಸಭೆಗಳಲ್ಲಿ ಗಲಾಟೆ ಇಳಿಯಿತು, ದೇಣಿಗೆ ಬರತೊಡಗಿತು, ‘ನೀವು ಮನಃಪೂರ್ವಕವಾಗಿ ಹೇಳುವುದಾದರೆ ನಾವು ನಿಮ್ಮೊಂದಿಗಿದ್ದೇವೆ’ ಎಂಬ ಫಲಕಗಳು ಕಾಣಿಸಿದವು. ಬಹಳ ಹಿಂದೆ ಬಿದ್ದಿದ್ದ ಹಂಫ್ರಿ ಕೊನೆಗೆ ಸೋತದ್ದು ಸುಮಾರು 5 ಲಕ್ಷ ಮತಗಳಿಂದ, ಅಂದರೆ ಶೇಕಡ ಒಂದಕ್ಕಿಂತ ಕಡಿಮೆ ಅಂತರದಿಂದ. ಆಗಸ್ಟ್‌ನಲ್ಲೇ ಆ ಭಾಷಣ ಮಾಡಿದ್ದರೆ ಗೆಲ್ಲುತ್ತಿದ್ದರೇ ಎಂಬ ಚರ್ಚೆ ಇಂದಿಗೂ ನಿಂತಿಲ್ಲ.

ಮಾತುಕತೆಗೆ ಅಡ್ಡಿಯಾಗಬಾರದೆಂದು ಸುಮ್ಮನಿದ್ದ ನಿಕ್ಸನ್ ಅವರ ವಿಷಯಕ್ಕೆ ಬರೋಣ. ಅವರ ಸಹಾಯಕ ಎಚ್. ಆರ್. ಹಾಲ್ಡಮನ್ ಬರೆದಿಟ್ಟ ಅಕ್ಟೋಬರ್ 22ರ ಟಿಪ್ಪಣಿಗಳು ದಶಕಗಳ ನಂತರ ಬೆಳಕಿಗೆ ಬಂದಾಗ, ಚುನಾವಣೆಗೆ ಮುನ್ನ ಶಾಂತಿ ಪ್ರಯತ್ನ ಫಲಿಸದಂತೆ ಕೊಕ್ಕೆ ಹಾಕಲು ನಿಕ್ಸನ್ ಅವರೇ ದಾರಿ ಹುಡುಕುತ್ತಿದ್ದರೆಂಬುದು ತಿಳಿಯಿತು. ಆದ್ದರಿಂದ ಮೌನವನ್ನು ಜವಾಬ್ದಾರಿಯೆಂದು ಗೌರವಿಸುವ ಮೊದಲು, ಮೌನದ ಮರೆಯಲ್ಲಿ ಏನು ನಡೆಯುತ್ತಿದೆ ಎಂದು ಕೇಳುವುದರಲ್ಲಿ ಅನ್ಯಾಯವೇನೂ ಇಲ್ಲ.

ಪ್ರಶ್ನೆ: ‘ಯುದ್ಧಕ್ಕೆ ಹೋಗುವುದಿಲ್ಲ’ ಎಂದು ಸ್ಪಷ್ಟವಾಗಿ ಹೇಳಿ ಗೆದ್ದವರೂ ಇದ್ದಾರಲ್ಲ?

ಉತ್ತರ: ಇದ್ದಾರೆ, ಅವರ ಸ್ಪಷ್ಟತೆಯ ಗತಿ ಏನಾಯಿತೆಂಬುದನ್ನೂ ನೋಡಬೇಕು. 1916ರಲ್ಲಿ ವುಡ್ರೊ ವಿಲ್ಸನ್ ಅವರ ಪ್ರಚಾರವು ‘ನಮ್ಮನ್ನು ಯುದ್ಧದಿಂದ ದೂರವಿಟ್ಟವರು’ ಎಂಬ ಘೋಷಣೆಯ ಮೇಲೆ ನಡೆಯಿತು, 1917ರ ಏಪ್ರಿಲ್‌ನಲ್ಲಿ ಅಮೆರಿಕ ಯುದ್ಧಕ್ಕಿಳಿಯಿತು. 1964ರ ಅಕ್ಟೋಬರ್‌ನಲ್ಲಿ ಏಷ್ಯಾದ ಹುಡುಗರು ಮಾಡಬೇಕಾದ ಕೆಲಸಕ್ಕೆ ಅಮೆರಿಕದ ಹುಡುಗರನ್ನು ಕಳುಹಿಸುವುದಿಲ್ಲ ಎಂದ ಜಾನ್ಸನ್ನರು, 1965ರ ಮಾರ್ಚ್‌ನಲ್ಲಿ ದಕ್ಷಿಣ ವಿಯೆಟ್ನಾಂನ ಡ ನಾಂಗ್‌ಗೆ ನೌಕಾಪಡೆಯ ಸೈನಿಕರನ್ನು ಇಳಿಸಿದರು.

ಇವೆರಡಕ್ಕಿಂತ ನನಗೆ ಕುತೂಹಲಕರವಾಗಿ ತೋರುವುದು ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಪ್ರಸಂಗ. 1940ರಲ್ಲಿ ಅವರ ಪಕ್ಷದ ಪ್ರಣಾಳಿಕೆಯು ವಿದೇಶಿ ಯುದ್ಧಗಳಲ್ಲಿ ಭಾಗವಹಿಸುವುದಿಲ್ಲ ಎನ್ನುವಾಗ ‘ನಮ್ಮ ಮೇಲೆ ದಾಳಿಯಾದ ಹೊರತು’ ಎಂಬ ಷರತ್ತನ್ನು ಸೇರಿಸಿತ್ತು. ಅಕ್ಟೋಬರ್ 30ರಂದು ಬಾಸ್ಟನ್ನಿನಲ್ಲಿ, ಪೈಪೋಟಿ ಬಿಗಿಯಾಗಿದ್ದಾಗ, ರೂಸ್‌ವೆಲ್ಟ್ ಆ ಷರತ್ತನ್ನು ಕೈಬಿಟ್ಟು, ನಿಮ್ಮ ಮಕ್ಕಳನ್ನು ಯಾವ ವಿದೇಶಿ ಯುದ್ಧಕ್ಕೂ ಕಳುಹಿಸುವುದಿಲ್ಲ ಎಂದು ತಾಯ್ತಂದೆಯರಿಗೆ ಮಾತು ಕೊಟ್ಟರು. ಕೇಳಲು ಇದಕ್ಕಿಂತ ಸ್ಪಷ್ಟವಾದ ಮಾತಿಲ್ಲ. ಆದರೆ ಷರತ್ತು ಇದ್ದಾಗಲೇ ಆ ಮಾತು ಹೆಚ್ಚು ಪ್ರಾಮಾಣಿಕವಾಗಿತ್ತು. ಎಚ್ಚರಿಕೆಯ ಮಾತುಗಳೆಲ್ಲ ಒಂದೇ ಜಾತಿಯವಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ. ‘ಇಂಥದ್ದಾದರೆ ಇಂಥದ್ದು ಮಾಡುತ್ತೇನೆ’ ಎಂಬ ಷರತ್ತು ಹೇಳಿದವರನ್ನು ಕಟ್ಟಿಹಾಕುತ್ತದೆ. ‘ಪರಿಸ್ಥಿತಿಯನ್ನು ಗಮನಿಸುತ್ತಿದ್ದೇವೆ’ ಎಂಬುದು ಯಾರನ್ನೂ ಯಾವುದಕ್ಕೂ ಕಟ್ಟಿಹಾಕುವುದಿಲ್ಲ.

ಪ್ರಶ್ನೆ: ಮುಚ್ಚುಮರೆಯಿಲ್ಲದೆ ಮತ ಹಾಕಿದವರು ಚುನಾವಣೆಯಲ್ಲಿ ಉಳಿದಿದ್ದಾರೆಯೇ?

ಉತ್ತರ: ಎಲ್ಲರೂ ಉಳಿದಿಲ್ಲ ಎಂಬುದನ್ನು ಒಪ್ಪಬೇಕು. ವಿಯೆಟ್ನಾಂನಲ್ಲಿ ಸೇನೆ ಬಳಸಲು ಅಧ್ಯಕ್ಷರಿಗೆ ಅನುಮತಿ ಕೊಟ್ಟ 1964ರ ಟಾಂಕಿನ್ ಕೊಲ್ಲಿ ನಿರ್ಣಯವನ್ನು ಸೆನೆಟ್‌ನಲ್ಲಿ ವಿರೋಧಿಸಿದವರು ವೇಯ್ನ್ ಮೋರ್ಸ್ ಮತ್ತು ಅರ್ನೆಸ್ಟ್ ಗ್ರೂನಿಂಗ್ ಇಬ್ಬರೇ. 1968ರಲ್ಲಿ ಇಬ್ಬರೂ ಸ್ಥಾನ ಕಳೆದುಕೊಂಡರು. 2002ರಲ್ಲಿ ಮರುಚುನಾವಣೆಯ ಬಿಗಿ ಪೈಪೋಟಿಯ ನಡುವೆಯೂ ಇರಾಕ್ ನಿರ್ಣಯದ ವಿರುದ್ಧ ಮತ ಹಾಕಿದ ಮಿನ್ನೆಸೋಟದ ಪಾಲ್ ವೆಲ್‌ಸ್ಟನ್, ಚುನಾವಣೆಗೆ 11 ದಿನಗಳಿರುವಾಗ ವಿಮಾನ ಅಪಘಾತದಲ್ಲಿ ತೀರಿಕೊಂಡದ್ದರಿಂದ ಅವರ ಮಟ್ಟಿಗೆ ಜನರ ತೀರ್ಪು ತಿಳಿಯದೆಯೇ ಉಳಿಯಿತು. ಹಾಗೆಂದು ಪರವಾಗಿ ಮತ ಹಾಕಿದವರಿಗೆ ರಕ್ಷೆ ಸಿಕ್ಕಿತೆಂದೇನೂ ಇಲ್ಲ. ವಿಯೆಟ್ನಾಂನಲ್ಲಿ ಎರಡು ಕಾಲು, ಒಂದು ಕೈ ಕಳೆದುಕೊಂಡಿದ್ದ ಜಾರ್ಜಿಯಾದ ಮ್ಯಾಕ್ಸ್ ಕ್ಲೆಲಂಡ್ ಇರಾಕ್ ನಿರ್ಣಯದ ಪರವಾಗಿದ್ದರು. ಆದರೂ ಒಸಾಮ ಬಿನ್ ಲಾದೆನ್ ಮತ್ತು ಸದ್ದಾಂ ಹುಸೇನ್ ಚಿತ್ರಗಳಿದ್ದ ಜಾಹೀರಾತಿನಲ್ಲಿ ಅವರನ್ನು ದೇಶರಕ್ಷಣೆಯಲ್ಲಿ ದುರ್ಬಲರೆಂದು ತೋರಿಸಲಾಯಿತು, ಅವರು ಸೋತರು.

ಇನ್ನು ಕೆರಿ ಅವರದ್ದು. ಇರಾಕ್ ಮತ್ತು ಅಫ್ಘಾನಿಸ್ತಾನಕ್ಕಾಗಿ 8,700 ಕೋಟಿ ಡಾಲರ್ ಕೊಡುವ ಮಸೂದೆಯನ್ನು ಅವರು 2003ರಲ್ಲಿ ವಿರೋಧಿಸಿದ್ದರು. ಅದಕ್ಕೂ ಮೊದಲು, ಸಿರಿವಂತರ ತೆರಿಗೆ ವಿನಾಯಿತಿಯನ್ನು ಕಡಿತಗೊಳಿಸಿ ಅದೇ ಹಣವನ್ನು ಹೊಂದಿಸುವ ತಿದ್ದುಪಡಿಗೆ ಮತ ಹಾಕಿದ್ದರು. 2004ರ ಮಾರ್ಚ್‌ನಲ್ಲಿ ಪಶ್ಚಿಮ ವರ್ಜೀನಿಯಾದ ಹಂಟಿಂಗ್ಟನ್ನಿನಲ್ಲಿ ಇದನ್ನು ವಿವರಿಸಲು ಹೋಗಿ, ವಿರುದ್ಧ ಮತ ಹಾಕುವ ಮೊದಲು ಪರವಾಗಿಯೇ ಹಾಕಿದ್ದೆ ಎಂದುಬಿಟ್ಟರು. ಅಕ್ಷರಶಃ ನಿಜವಾದ ಆ ಒಂದು ವಾಕ್ಯವನ್ನು ಎದುರಾಳಿ ಜಾರ್ಜ್ ಬುಷ್ ಅವರ ಪ್ರಚಾರ ತಂಡ ಕೂಡಲೇ ಜಾಹೀರಾತಿಗೆ ಸೇರಿಸಿತು.

ಪ್ರಶ್ನೆ: ಹಾಗಾದರೆ ಮತದಾರರು ಅಭ್ಯರ್ಥಿಯನ್ನು ಏನೆಂದು ಕೇಳಬೇಕು? ‘ಯುದ್ಧದ ಪರವೋ, ವಿರುದ್ಧವೋ’ ಎಂದು ಕೇಳುವುದರಿಂದ ಪ್ರಯೋಜನವಿಲ್ಲವೆಂದೇ ತಾವು ಹೇಳುವುದೇ?

ಉತ್ತರ: ಪ್ರಯೋಜನ ಕಡಿಮೆ. ಆ ಪ್ರಶ್ನೆಗೆ ಜಾರಿಕೊಳ್ಳುವ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಅಧಿಕಾರದ ಬಗ್ಗೆ ಕೇಳುವುದು ಮೇಲು: ಯಾವ ಸಂದರ್ಭದಲ್ಲಿ ಸೇನೆಯನ್ನು ಕಳುಹಿಸುವಿರಿ, ಯಾರ ಅನುಮತಿ ಪಡೆಯುವಿರಿ, ಏನು ಕಂಡರೆ ಹಿಂದಕ್ಕೆ ಕರೆಸುವಿರಿ? ಅಮೆರಿಕದ ಸಂವಿಧಾನದ ಪ್ರಕಾರ ಯುದ್ಧ ಘೋಷಿಸುವ ಅಧಿಕಾರ ಅಲ್ಲಿನ ಸಂಸತ್ತಿನದು, ಆದರೆ 1942ರ ನಂತರ ಅದು ಯಾವ ಯುದ್ಧವನ್ನೂ ವಿಧ್ಯುಕ್ತವಾಗಿ ಘೋಷಿಸಿಲ್ಲ. ಕೊರಿಯಾದಿಂದ ಇರಾಕ್‌ವರೆಗೆ ಯುದ್ಧಗಳು ಮಾತ್ರ ನಡೆದಿವೆ. ಆದ್ದರಿಂದ ಈ ಪ್ರಶ್ನೆಗೆ ಬರುವ ಉತ್ತರ ಊಹೆಯ ಮಾತಾಗಿ ಉಳಿಯುವುದಿಲ್ಲ.

2007ರ ಡಿಸೆಂಬರ್‌ನಲ್ಲಿ ಪತ್ರಿಕೆಯೊಂದು ಅಧ್ಯಕ್ಷೀಯ ಅಭ್ಯರ್ಥಿಗಳಿಗೆ ಇಂಥವೇ ಪ್ರಶ್ನೆಗಳ ಪಟ್ಟಿಯನ್ನು ಕಳುಹಿಸಿ ಉತ್ತರಗಳನ್ನು ಪ್ರಕಟಿಸಿತ್ತು. ದೇಶಕ್ಕೆ ಎದುರಾದ ಅಥವಾ ಎದುರಾಗಲಿರುವ ಅಪಾಯವನ್ನು ತಡೆಯುವ ಸಂದರ್ಭವಲ್ಲದಿದ್ದರೆ, ಅಧ್ಯಕ್ಷರು ತಾವಾಗಿಯೇ ಸೇನಾ ದಾಳಿಗೆ ಆದೇಶಿಸುವ ಅಧಿಕಾರ ಸಂವಿಧಾನದಲ್ಲಿಲ್ಲ ಎಂದು ಒಬಾಮ ಲಿಖಿತವಾಗಿ ಉತ್ತರಿಸಿದ್ದರು. 2011ರಲ್ಲಿ ಸಂಸತ್ತಿನ ಅನುಮತಿಯಿಲ್ಲದೆ ಲಿಬಿಯಾದ ಮೇಲೆ ವಾಯುದಾಳಿ ಆರಂಭವಾದಾಗ, ಅವರ ಟೀಕಾಕಾರರು ಹೊರತೆಗೆದದ್ದು ಆ ಉತ್ತರವನ್ನೇ. ಮಾತು ತಪ್ಪಿದರಲ್ಲ, ಬರೆಸಿಕೊಂಡು ಏನು ಬಂತು ಎಂದು ತಾವು ಕೇಳಬಹುದು. ಬರೆಸಿಕೊಳ್ಳದಿದ್ದರೆ ತಪ್ಪಿದ್ದೇ ತಿಳಿಯುತ್ತಿರಲಿಲ್ಲ.