ಹ್ಯಾಲೊವೀನ್‌ಗೆ ನಮ್ಮ ಲ್ಯಾಬ್ರಡಾರ್‌ಗೆ ವೇಷ ಹಾಕಿದರೆ ಅದಕ್ಕೆ ಹಿಂಸೆಯಾಗುತ್ತದೆಯೇ? ಮನೆಯಲ್ಲೇ ಏನು ಹೊಲಿಯಬಹುದು?

ನೀವು ಈ ವರ್ಷವಷ್ಟೇ ನ್ಯೂಜೆರ್ಸಿಗೆ ಬಂದಿದ್ದೀರಿ. ನಿಮ್ಮ ಮೂರು ವರ್ಷದ ಕಪ್ಪು ಲ್ಯಾಬ್ರಡಾರ್‌ಗೆ ಇಲ್ಲಿ ಮಕ್ಕಳು ವೇಷ ತೊಡುವ ಹ್ಯಾಲೊವೀನ್ ಹಬ್ಬದ ದಿನ, ಅಕ್ಟೋಬರ್ 31ರಂದು, ವೇಷ ಹಾಕಲೇಬೇಕೆಂದು ಮಗಳು ಹಟ ಹಿಡಿದಿದ್ದಾಳೆ. ಇದರಿಂದ ನಾಯಿಗೆ ಹಿಂಸೆಯಾಗುವುದಿಲ್ಲವೇ ಎಂದೂ, ಅಂಗಡಿಯಲ್ಲಿ ಸಿಗುವುದನ್ನು ಬಿಟ್ಟು ಮನೆಯಲ್ಲೇ ಹೊಸತೇನನ್ನಾದರೂ ಮಾಡಬಹುದೇ ಎಂದೂ ಕೇಳಿದ್ದೀರಿ. ಇದೇ ರಾಜ್ಯದಲ್ಲಿ ಹನ್ನೊಂದು ವರ್ಷಗಳಿಂದ ಇರುವ ನಾನು ನಮ್ಮ ಬೀಗಲ್ ಚಿನ್ನುವಿನ ಜೊತೆ ಏಳು ಹ್ಯಾಲೊವೀನ್‌ಗಳನ್ನು ಕಳೆದಿದ್ದೇನೆ. ವೇಷ ಖಂಡಿತ ಹಾಕಬಹುದು. ಆದರೆ ಮೈಮೇಲೆ ವೇಷವಿದೆ ಎಂಬುದನ್ನೇ ಮರೆತು ನಾಯಿ ಓಡಾಡುವಂತಿರಬೇಕು. ಹಾಗಿಲ್ಲದಿದ್ದರೆ ಅದು ನೋಡಲು ಎಷ್ಟೇ ಚೆಂದವಿದ್ದರೂ ಬಿಚ್ಚಿಬಿಡಬೇಕು.

ಇದನ್ನು ನಾನು ಕಲಿತದ್ದು ಮೊದಲ ವರ್ಷದ ತಪ್ಪಿನಿಂದ. ಅಂಗಡಿಯಿಂದ ತಂದ ಡೈನೋಸಾರ್ ಉಡುಪಿನಲ್ಲಿ ಕಿವಿಗಳನ್ನೂ ಮುಚ್ಚುವ ದಪ್ಪನೆಯ ಟೋಪಿಯಿತ್ತು. ಅದನ್ನು ತೊಡಿಸಿದ ಕೂಡಲೇ ಚಿನ್ನು ಅಂಗಳದಲ್ಲಿ ಕಲ್ಲಿನಂತೆ ನಿಂತುಬಿಟ್ಟಳು. ಎಷ್ಟು ಚೆನ್ನಾಗಿ ಪೋಸ್ ಕೊಡುತ್ತಿದ್ದಾಳೆ ಎಂದು ನಾವೆಲ್ಲ ಮೆಚ್ಚಿಕೊಂಡು ಇಪ್ಪತ್ತು ನಿಮಿಷ ಫೋಟೊ ತೆಗೆದೆವು. ರಾತ್ರಿ ಆ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದಾಗ ಪ್ರತಿಯೊಂದರಲ್ಲೂ ಅವಳ ಕಣ್ಣಂಚಿನ ಬಿಳಿ ಕಾಣುತ್ತಿತ್ತು, ಬಾಲ ಹೊಟ್ಟೆಯಡಿ ಸೇರಿತ್ತು, ನಾಲಿಗೆ ಮೂಗನ್ನು ನೆಕ್ಕುತ್ತಿತ್ತು. ಅವಳು ಸುಮ್ಮನಿದ್ದುದು ಹೆದರಿಕೆಯಿಂದ. ಅಂದು ನನಗಾದ ಸಂಕಟ ಇಂದಿಗೂ ಹೋಗಿಲ್ಲ. ಹಾಗಾಗಿ ನಿಮ್ಮ ನಾಯಿ ಗುರುಗುಟ್ಟುತ್ತಿಲ್ಲ, ಕಿತ್ತೆಸೆಯುತ್ತಿಲ್ಲ ಎಂಬ ಮಾತ್ರಕ್ಕೆ ಒಪ್ಪಿಕೊಂಡಿದೆ ಎಂದುಕೊಳ್ಳಬೇಡಿ. ನಿದ್ದೆಯ ಹೊತ್ತಲ್ಲದಿದ್ದರೂ ಪದೇ ಪದೇ ಆಕಳಿಸುವುದು, ಕಿವಿ ಹಿಂದಕ್ಕೆ ಒತ್ತಿಕೊಳ್ಳುವುದು, ನಡೆಯದೆ ಬಿಗಿದುಕೊಂಡು ನಿಲ್ಲುವುದು ಇವೆಲ್ಲವೂ ಬೇಡವೆಂದು ಹೇಳುವ ರೀತಿಗಳೇ.

ಮರುವರ್ಷ ನಾನೇ ಹೊಲಿದೆ. ನಮ್ಮೂರು ಉಡುಪಿ, ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಯಲ್ಲಿ ತಾಸೆ ಎಂಬ ಚರ್ಮವಾದ್ಯದ ಪೆಟ್ಟಿಗೆ ಕುಣಿಯುವ ಹುಲಿವೇಷದವರನ್ನು ನೋಡುತ್ತಲೇ ಬೆಳೆದವಳಾದ್ದರಿಂದ ಚಿನ್ನುವಿಗೂ ಹುಲಿವೇಷವೇ ಆಗಲಿ ಎನಿಸಿತು. ಆದರೆ ಬಣ್ಣ ಬಳಿಯುವ ಯೋಚನೆಯನ್ನು ಮೊದಲೇ ಬಿಟ್ಟೆ. ಹುಲಿವೇಷದವರು ಹಿಂದೆ ಮೈಗೆ ಬಳಿದುಕೊಳ್ಳುತ್ತಿದ್ದ ಎನಾಮೆಲ್ ಬಣ್ಣವನ್ನು ತೆಗೆಯಲು ಸೀಮೆಎಣ್ಣೆಯೇ ಬೇಕಾಗುತ್ತಿತ್ತು. ಮೈಯನ್ನು ನೆಕ್ಕಿ ಶುಚಿ ಮಾಡಿಕೊಳ್ಳುವ ಪ್ರಾಣಿಗೆ ಅಂಥದ್ದನ್ನು ತಾಗಿಸುವ ಮಾತೇ ಇಲ್ಲ. ತೋಟಕ್ಕೆ ಬರುವ ಮಂಗಗಳನ್ನು ಹೆದರಿಸಲೆಂದು ತೀರ್ಥಹಳ್ಳಿ ಕಡೆಯ ರೈತರೊಬ್ಬರು 2019ರಲ್ಲಿ ತಮ್ಮ ನಾಯಿಗೆ ಹುಲಿಪಟ್ಟೆ ಬಳಿದ ಸುದ್ದಿಯನ್ನು ನೀವೂ ಓದಿರಬಹುದು. ಬೆಳೆ ಉಳಿಸಿಕೊಳ್ಳುವ ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಮನುಷ್ಯರ ತಲೆಗೂದಲಿಗೆ ಹಚ್ಚುವ ಡೈ ನಾಯಿಯ ಚರ್ಮವನ್ನು ಸುಡಬಲ್ಲದು, ಹಬ್ಬದ ಸಂಭ್ರಮಕ್ಕಾಗಿ ನಾವು ಅದನ್ನು ಮುಟ್ಟಬಾರದು. ನಾನು ಮಾಡಿದ್ದು ಇಷ್ಟೇ: ನೆರೆಮನೆಯ ಹುಡುಗನಿಗೆ ಚಿಕ್ಕದಾಗಿದ್ದ ಹಳದಿ ಹತ್ತಿ ಟೀಶರ್ಟಿನ ಮೇಲೆ ಕಪ್ಪು ಬಟ್ಟೆಯ ಪಟ್ಟೆಗಳನ್ನು ಹೊಲಿದು, ತೋಳುಗಳಲ್ಲಿ ಅವಳ ಮುಂಗಾಲು ತೂರಿಸಿ, ಹೊಟ್ಟೆಯಡಿ ಜೋಲುವ ಬಟ್ಟೆಯನ್ನು ಬೆನ್ನ ಮೇಲಕ್ಕೆ ಎಳೆದು ಹೇರ್‌ಬ್ಯಾಂಡಿನಿಂದ ಗಂಟು ಹಾಕಿದೆ. ಹಾಗೆ ಮಾಡಿದರೆ ಬಟ್ಟೆ ಕಾಲಿಗೆ ಸಿಕ್ಕುವುದಿಲ್ಲ, ಮೂತ್ರಕ್ಕೆ ಕೂತಾಗ ಒದ್ದೆಯಾಗುವುದೂ ಇಲ್ಲ. ಅವಳು ಒಮ್ಮೆ ಮೈ ಕೊಡವಿ, ಎಂದಿನಂತೆ ಅಳಿಲಿನ ಹಿಂದೆ ಓಡಿದಳು.

ಹೊಸ ಕಲ್ಪನೆ ಬೇಕಿದ್ದರೆ ಮೊದಲು ನಿಮ್ಮ ನಾಯಿಯ ಮೈಕಟ್ಟನ್ನೇ ನೋಡಿ. ಇಲ್ಲಿ ಡ್ಯಾಶ್‌ಹುಂಡ್‌ಗಳಿಗೆ ಹಾಟ್‌ಡಾಗ್ (ಉದ್ದನೆಯ ಬನ್ನಿನ ನಡುವೆ ಸಾಸೇಜ್ ಇಟ್ಟ ತಿಂಡಿ) ವೇಷ ಅಷ್ಟು ಒಪ್ಪುವುದಕ್ಕೆ ಅವುಗಳ ಉದ್ದ ಬೆನ್ನು, ಗಿಡ್ಡ ಕಾಲುಗಳೇ ಕಾರಣ; 19ನೇ ಶತಮಾನದ ಅಮೆರಿಕದಲ್ಲಿ ಆ ತಿಂಡಿಯನ್ನು ಡ್ಯಾಶ್‌ಹುಂಡ್ ಸಾಸೇಜ್ ಎಂದು ಕರೆಯುತ್ತಿದ್ದುದೂ ಉಂಟು, ಅಂದರೆ ವೇಷಕ್ಕಿಂತ ಮೊದಲೇ ಹೋಲಿಕೆ ಹುಟ್ಟಿತ್ತು. ಸಾಧ್ಯವಾದರೆ ನ್ಯೂಯಾರ್ಕಿನ ಈಸ್ಟ್ ವಿಲೇಜ್‌ನಲ್ಲಿರುವ ಟಾಂಪ್ಕಿನ್ಸ್ ಸ್ಕ್ವೇರ್‌ನ ನಾಯಿಗಳ ವೇಷದ ಮೆರವಣಿಗೆಗೆ ಮಗಳನ್ನು ಕರೆದೊಯ್ಯಿರಿ. ಅಲ್ಲಿನ ಪಾರ್ಕಿನಲ್ಲಿ ನಾಯಿಗಳ ಓಡಾಟಕ್ಕೆಂದು ಬೇಲಿ ಹಾಕಿರುವ ಆವರಣದ ಖರ್ಚಿಗಾಗಿ 1990ರ ದಶಕದ ಆರಂಭದಿಂದ ನಡೆದುಬಂದಿರುವ ಮೆರವಣಿಗೆ ಅದು. ನಾನು ಎರಡು ಸಲ ನೋಡಿದ್ದೇನೆ. ಅಲ್ಲಿ ನನಗೆ ಬಹಳ ಹಿಡಿಸಿದ್ದು, ಕೆಲವರು ನಾಯಿಯ ಮೈಮೇಲೆ ಏನನ್ನೂ ಹೇರದೆ, ಎಳೆಯುವ ಪುಟ್ಟ ಗಾಡಿಯನ್ನೇ ಟ್ಯಾಕ್ಸಿಯಾಗಿಯೋ ಅಡುಗೆಮನೆಯಾಗಿಯೋ ಅಲಂಕರಿಸಿ ನಾಯಿಯನ್ನು ಅದರಲ್ಲಿ ಆರಾಮವಾಗಿ ಕೂರಿಸಿದ್ದು. ಬಟ್ಟೆಯನ್ನೇ ಸಹಿಸದ ನಾಯಿಗೆ ಇದು ಒಳ್ಳೆಯ ದಾರಿ.

ನಿಮ್ಮದು ಕಪ್ಪು ಲ್ಯಾಬ್ರಡಾರ್ ಆದ್ದರಿಂದ ನನ್ನ ಸಲಹೆ ಜೇಡ. ಮಕ್ಕಳ ನಾಲ್ಕು ಕಪ್ಪು ಉದ್ದ ಕಾಲುಚೀಲಗಳಲ್ಲಿ ಹಗುರವಾಗಿ ಹತ್ತಿ ತುಂಬಿ, ನಾಯಿ ದಿನವೂ ತೊಡುವ ಹಾರ್ನೆಸ್‌ಗೆ (ಎದೆ, ಬೆನ್ನು ಸುತ್ತುವ ಪಟ್ಟಿಗೆ) ಎಡಕ್ಕೆರಡು ಬಲಕ್ಕೆರಡರಂತೆ ಹೊಲಿಯಿರಿ. ಅದರದೇ ನಾಲ್ಕು ಕಾಲು ಸೇರಿ ಎಂಟಾಗುತ್ತವೆ. ಒಂದೇ ಬದಿಯ ಎರಡು ಹತ್ತಿಯ ಕಾಲುಗಳನ್ನು ಮಧ್ಯದಲ್ಲಿ ದಾರದಿಂದ ಜೋಡಿಸಿದರೆ ನಾಯಿ ನಡೆದಾಗ ಅವೂ ಒಟ್ಟಿಗೆ ಅಲುಗಾಡಿ, ನಿಜವಾಗಿಯೂ ಜೇಡ ಹರಿದಂತೆ ಕಾಣುತ್ತದೆ. ಕಣ್ಣುಗಳನ್ನು ಬಿಳಿ ಬಟ್ಟೆಯಲ್ಲಿ ಕತ್ತರಿಸಿ ಹಾರ್ನೆಸ್‌ನ ಮೇಲ್ಭಾಗಕ್ಕೆ ಹೊಲಿಯಿರಿ. ಗುಂಡಿ, ಮಣಿ, ಪ್ಲಾಸ್ಟಿಕ್ ಕಣ್ಣು ಬೇಡವೇ ಬೇಡ. ಲ್ಯಾಬ್ರಡಾರ್ ಅವನ್ನು ಕಿತ್ತು ನುಂಗಲು ಒಂದು ಗಳಿಗೆ ಸಾಕು. ಹೊಲಿದ ಮೇಲೆ ಹಾರ್ನೆಸ್ ಮತ್ತು ಮೈಯ ನಡುವೆ ಎರಡು ಬೆರಳು ಸಲೀಸಾಗಿ ಹೋಗುತ್ತವೆಯೇ, ಕಂಕುಳಲ್ಲಿ ಉಜ್ಜುತ್ತದೆಯೇ ಎಂದು ಪರೀಕ್ಷಿಸಿ. ನಾಯಿ ಮುಖ್ಯವಾಗಿ ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳುವುದರಿಂದ ಮುಖದ ಮೇಲೆ ಯಾವ ಮುಖವಾಡವೂ ಬರಬಾರದು.

ಎಲ್ಲಕ್ಕಿಂತ ಮುಖ್ಯವಾಗಿ, ಹಬ್ಬದ ದಿನವೇ ಮೊದಲ ಬಾರಿಗೆ ತೊಡಿಸಬೇಡಿ. ಎರಡು ವಾರ ಮೊದಲೇ ವೇಷವನ್ನು ನೆಲದ ಮೇಲಿಟ್ಟು ಮೂಸಲು ಬಿಡಿ, ಮರುದಿನ ಬೆನ್ನ ಮೇಲೆ ಸುಮ್ಮನೆ ಇಟ್ಟು ತಿಂಡಿ ಕೊಡಿ, ಆಮೇಲೆ ಎರಡು ನಿಮಿಷ, ಐದು ನಿಮಿಷ ಎಂದು ಹೆಚ್ಚಿಸುತ್ತ ಹೋಗಿ. ಈ ಕೆಲಸವನ್ನು ಮಗಳಿಗೇ ವಹಿಸಿದರೆ ಅವಳ ಹಟವೂ ಒಳ್ಳೆಯದಕ್ಕೆ ಬಳಕೆಯಾಗುತ್ತದೆ. ನಾಯಿ ಬೇಡವೆಂದರೆ ಅದನ್ನು ಮೊದಲು ಗುರುತಿಸುವವಳೂ ಅವಳೇ ಆಗುತ್ತಾಳೆ.

ಇನ್ನು ಆ ಸಂಜೆಯ ಮಾತು. ಮಕ್ಕಳು ಮನೆಮನೆಗೆ ಬಂದು ಮಿಠಾಯಿ ಕೇಳುವುದರಿಂದ ಕರೆಗಂಟೆ ಬಾರಿಸುತ್ತಲೇ ಇರುತ್ತದೆ, ಬಾಗಿಲು ತೆರೆಯುತ್ತಲೇ ಇರುತ್ತದೆ. ವಿಚಿತ್ರ ಮುಖವಾಡಗಳನ್ನು ಕಂಡು ಬೆಚ್ಚಿದ ನಾಯಿ ಕತ್ತಲಿಗೆ ಓಡಿಹೋಗಬಹುದು. ಹಾಗಾಗಿ ವೇಷದ ಜೊತೆಗೂ ಹೆಸರಿನ ಬಿಲ್ಲೆಯಿರುವ ಕಾಲರ್ ಕುತ್ತಿಗೆಯಲ್ಲೇ ಇರಲಿ. ಮಿಠಾಯಿಯ ಬುಟ್ಟಿ ನಾಯಿಗೆ ಎಟುಕದಷ್ಟು ಎತ್ತರದಲ್ಲಿರಲಿ: ಚಾಕೊಲೇಟಿನ ಥಿಯೋಬ್ರೊಮಿನ್, ಒಣದ್ರಾಕ್ಷಿ, ಸಕ್ಕರೆರಹಿತ ಚ್ಯೂಯಿಂಗ್ ಗಮ್‌ನ ಕ್ಸೈಲಿಟಾಲ್ ಮೂರೂ ನಾಯಿಗೆ ವಿಷ. ಕ್ಸೈಲಿಟಾಲ್ ತಿಂದರೆ ಅರ್ಧ ಗಂಟೆಯೊಳಗೇ ರಕ್ತದ ಸಕ್ಕರೆ ಕುಸಿಯಬಹುದು, ಆಗ ಕಾದು ನೋಡದೆ ಪಶುವೈದ್ಯರಿಗೆ ಫೋನ್ ಮಾಡಿ. ನಮ್ಮ ಮನೆಯಲ್ಲಿ ಮಧ್ಯಾಹ್ನ ನಾಲ್ಕಕ್ಕೆ, ಬೆಳಕಿರುವಾಗಲೇ ಚಿನ್ನುವಿಗೆ ಹುಲಿವೇಷ ತೊಡಿಸಿ, ಬೀದಿಯಲ್ಲಿ ಒಂದು ಸುತ್ತು ನಡೆಸಿ, ಫೋಟೊ ತೆಗೆದುಕೊಂಡು, ಮೊದಲ ಕರೆಗಂಟೆ ಬಾರಿಸುವ ಮೊದಲೇ ವೇಷ ಕಳಚಿ ಮಹಡಿಯ ಕೋಣೆಯಲ್ಲಿ ಅವಳ ಹಾಸಿಗೆಯ ಮೇಲೆ ಮಲಗಿಸುತ್ತೇವೆ.