ಶಿರಸಿಯಲ್ಲಿ ಬಿಕಾಂ ಮುಗಿಸಿದ್ದೇನೆ, ಇಂಗ್ಲಿಷ್ ಅಷ್ಟಕ್ಕಷ್ಟೇ. ಪಿಆರ್ (ಸಾರ್ವಜನಿಕ ಸಂಪರ್ಕ) ಅಂತ ಎರಡು ವರ್ಷ ಓದಿದರೆ ಪ್ರಯೋಜನ ಇದೆಯಾ?

ಇದೆ. ಆದರೆ ಚೆನ್ನಾಗಿ ಮಾತಾಡುತ್ತೇನೆ, ಹಾಗಾಗಿ ಪಿಆರ್ ನನಗೆ ಸರಿ ಅಂತ ಹೊರಟಿದ್ದರೆ ಸ್ವಲ್ಪ ನಿಲ್ಲಿ.

ನಾನು ಕುಮಟಾದವಳು. ಪತ್ರಿಕೋದ್ಯಮದಲ್ಲಿ ಎಂ.ಎ. ಮಾಡಿದೆ, ಪಿಆರ್ ಅದರೊಳಗೇ ಒಂದು ಪೇಪರ್. ಈಗ ಕಾರವಾರದ ಒಂದು ಸಂಸ್ಥೆಯಲ್ಲಿ ಪ್ರೆಸ್ ನೋಟ್, ಕರಪತ್ರ, ವಾಟ್ಸ್ಆ್ಯಪ್ ಸಂದೇಶ ಎಲ್ಲ ನನ್ನ ಪಾಲಿಗೆ. ಮನೆಯವರು ಈಗಲೂ ನೆಂಟರಿಗೆ "ಪೇಪರಿನಲ್ಲಿ ಕೆಲಸ" ಎಂದೇ ಹೇಳುವುದು.

ಸೇರಿದ ಹೊಸತರಲ್ಲಿ ಒಂದು ಶಿಬಿರದ ಪ್ರಕಟಣೆ ಬರೆದೆ. "ಬರುವ ಸೋಮವಾರ" ಎಂದಿದ್ದೆ, ತಾರೀಕು ಹಾಕಿರಲಿಲ್ಲ. ಒಂದು ಪತ್ರಿಕೆ ಶುಕ್ರವಾರವೇ ಹಾಕಿತು. ಇನ್ನೊಂದಕ್ಕೆ ಜಾಗ ಸಿಕ್ಕಿದ್ದು ಆ ಸೋಮವಾರದ ಸಂಚಿಕೆಯಲ್ಲಿ! ಅದನ್ನು ಓದಿದ ಜೋಯಿಡಾ ಕಡೆಯ ನಾಲ್ಕೈದು ಮಂದಿ ಒಂದು ವಾರ ಬಿಟ್ಟು ಬಸ್ ಹತ್ತಿ ಬಂದರು. ಒಬ್ಬ ಅಜ್ಜಿ ಪತ್ರಿಕೆಯ ತುಂಡು ಮುಂದೆ ಹಿಡಿದು, "ಇದನ್ನು ಬರೆದವರು ಯಾರು?" ಎಂದು ಕೇಳಿದರು. ಎರಡು ವರ್ಷದ ಓದಿನಲ್ಲಿ ಇದೂ ಇತ್ತು. ನಾನೇ ಸಸಾರ ಮಾಡಿದ್ದೆ.

ಥಿಯರಿ ಬೋರು ಅನ್ನಿಸಬಹುದು. ನನಗೂ ಅನ್ನಿಸಿತ್ತು. ಆದರೆ ಗ್ರುನಿಗ್ ಮತ್ತು ಹಂಟ್ ಎಂಬ ಇಬ್ಬರು ಅಮೆರಿಕದ ಪ್ರಾಧ್ಯಾಪಕರು 1984ರಲ್ಲಿ ಪಿಆರ್ ಅನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದು ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಸುಮ್ನೆ ತಮಟೆ ಹೊಡೆಯುವುದು ಒಂದು. ನಿಜವಾದ ಮಾಹಿತಿ ಕೊಟ್ಟು ಕೈತೊಳೆದುಕೊಳ್ಳುವುದು ಎರಡು. ಜನರ ಮನಸ್ಸು ತಿಳಿದುಕೊಂಡು ಅವರನ್ನು ನಮ್ಮ ದಾರಿಗೆ ಎಳೆಯುವುದು ಮೂರು. ಅವರು ಹೇಳಿದ್ದಕ್ಕೆ ನಾವೂ ಬದಲಾಗುವುದು ನಾಲ್ಕು. ನಿಮ್ಮೂರಿನ ಲೆಕ್ಕದಲ್ಲಿ ಹೇಳುವುದಾದರೆ, ಅಡಿಕೆ ಸೊಸೈಟಿ ಬೋರ್ಡಿನ ಮೇಲೆ ದಿನದ ದರ ಬರೆಯುವುದು ಎರಡನೆಯದು. ವಾರ್ಷಿಕ ಸಭೆಯಲ್ಲಿ ಸದಸ್ಯರು ಎದ್ದು ಬೈದ ಮೇಲೆ ನಿಯಮ ತಿದ್ದಿದರೆ ನಾಲ್ಕನೆಯದು. ಹೆಚ್ಚಿನ ಕಡೆ ನಿಮ್ಮನ್ನು ಕೆಲಸಕ್ಕೆ ತೆಗೆದುಕೊಳ್ಳುವುದು ಮೊದಲನೆಯದಕ್ಕೆ. ಅದು ಗೊತ್ತಿರಲಿ.

ಕಷ್ಟದ ಹೊತ್ತಿನ ಪಾಠವನ್ನಂತೂ ಬಿಡಬೇಡಿ. 1906ರಲ್ಲಿ ಅಮೆರಿಕದಲ್ಲಿ ರೈಲು ಅಪಘಾತವಾದಾಗ ಐವಿ ಲೀ ಎಂಬ ಪಿಆರ್ ಸಲಹೆಗಾರರು ಸುದ್ದಿ ಮುಚ್ಚಿಡುವ ಬದಲು ರೈಲ್ವೆ ಕಂಪನಿಯಿಂದಲೇ ಹೇಳಿಕೆ ಕೊಡಿಸಿದರು, ವರದಿಗಾರರನ್ನು ಜಾಗಕ್ಕೇ ಕರೆದೊಯ್ದರು. ಓದುವಾಗ ಹಳೇ ಕತೆ ಅನ್ನಿಸಿತ್ತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತಲ್ಲ, ಆಗ ಮತ್ತೆ ನೆನಪಾಯಿತು. ಗಂಗಾವಳಿಯ ದಂಡೆಗೆ ಕೇರಳದ ಚಾನೆಲ್‌ಗಳೂ ಬಂದು ನಿಂತಿದ್ದವು. ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಗಂಟೆಗೊಂದು ಸುದ್ದಿ, ಒಂದಕ್ಕೊಂದು ತಾಳೆಯಿಲ್ಲ. ಗೊತ್ತಿರುವುದು ಇಷ್ಟು, ಗೊತ್ತಿಲ್ಲದ್ದು ಇಷ್ಟು, ಮುಂದಿನ ಮಾಹಿತಿ ಇಷ್ಟು ಗಂಟೆಗೆ. ಇಂಥ ಹೊತ್ತಿನಲ್ಲಿ ಈ ಮೂರು ಸಾಲು ಬರೆಯುವುದು ಎಷ್ಟು ಕಷ್ಟ ಅಂತ ಕೂತು ಬರೆದವರಿಗೇ ಗೊತ್ತು.

ಇಂಗ್ಲಿಷ್ ವಿಷಯ. ಬೆಂಗಳೂರಿನ ಏಜೆನ್ಸಿಗೆ ಹೋಗುವುದಾದರೆ ಬೇಕೇ ಬೇಕು, ಸುಳ್ಳು ಹೇಳುವುದಿಲ್ಲ. ದಿನಾ ಒಂದು ಪುಟ ಬರೆದು ಯಾರಿಗಾದರೂ ತಿದ್ದಲು ಕೊಡಿ. ಆದರೆ ಇಲ್ಲಿ ಕಾರವಾರದಲ್ಲಿ ಮೀನುಗಾರರ ಸಭೆಗೆ ಹೋದರೆ ಕೊಂಕಣಿ ಇಲ್ಲದೆ ಅರ್ಧ ಮಾತು ತಪ್ಪಿಹೋಗುತ್ತದೆ. ನೀವು ಹವ್ಯಕ ಕನ್ನಡದಲ್ಲೋ ಕೊಂಕಣಿಯಲ್ಲೋ ಸಲೀಸಾಗಿ ಮಾತಾಡುವವರಾದರೆ ಅದನ್ನು ಬಯೋಡೇಟಾದ ಕೊನೇ ಸಾಲಿಗೆ ತಳ್ಳಬೇಡಿ.

ಎಲ್ಲಿ ಓದುವುದು? ಧಾರವಾಡ, ಮಂಗಳೂರು, ಕುವೆಂಪು ವಿಶ್ವವಿದ್ಯಾಲಯ ಮೂರರಲ್ಲೂ ಪತ್ರಿಕೋದ್ಯಮ ವಿಭಾಗ ಇದೆ, ಮೂರೂ ನಿಮಗೆ ದೂರವಲ್ಲ. ಖಾಸಗಿ ಕಾಲೇಜಿನ ದುಬಾರಿ ಕೋರ್ಸಿಗೆ ಸಾಲ ಮಾಡುವ ಮೊದಲು ಸಿಲಬಸ್ ತರಿಸಿ ನೋಡಿ. ಬರವಣಿಗೆ, ಸಂಶೋಧನಾ ವಿಧಾನ, ಇಂಟರ್ನ್‌ಶಿಪ್ ಇವೆಯಾ? ಪಿಆರ್ ಕೆಲಸದ ಫಲವನ್ನು ಅಳೆಯುವುದನ್ನು ಹೇಗೆ ಕಲಿಸುತ್ತಾರೆ ಅಂತಲೂ ಕೇಳಿ. ಸುದ್ದಿ ಬಂದ ಜಾಗವನ್ನು ಸೆಂಟಿಮೀಟರಿನಲ್ಲಿ ಅಳೆದು ಜಾಹೀರಾತಿನ ದರಕ್ಕೆ ಗುಣಿಸುವ ಲೆಕ್ಕ ಪಿಆರ್‌ನ ಬೆಲೆಯಲ್ಲ ಎಂದು 2010ರಲ್ಲೇ ಬಾರ್ಸಿಲೋನಾದಲ್ಲಿ ಈ ಕ್ಷೇತ್ರದವರೇ ಸೇರಿ ಒಪ್ಪಿದ್ದಾರೆ. ಇನ್ನೂ ಅದನ್ನೇ ಕಲಿಸುತ್ತಿದ್ದರೆ ಆ ಕಾಲೇಜು ಬೇಡ.

ನೀವು ಬಿಕಾಂ ಅಲ್ವಾ? ಬ್ಯಾಲೆನ್ಸ್ ಶೀಟ್ ಓದಿ ಅದನ್ನು ಸದಸ್ಯರಿಗೆ ತಿಳಿಯುವ ಕನ್ನಡದಲ್ಲಿ ಬರೆಯುವವರು ಸಹಕಾರಿ ಸಂಘಗಳಲ್ಲಿ ನನಗೆ ಸಿಕ್ಕಿದ್ದು ಕಡಿಮೆ. ಪ್ರಬಂಧದ ವಿಷಯ ಆರಿಸುವಾಗ ಅಲ್ಲಿಂದಲೇ ಶುರು ಮಾಡಿ.