ಎರಡು ಹೂಡಿಕೆಗಳ ಶೇಕಡಾವನ್ನು ಕೂಡಿ ಎರಡರಿಂದ ಭಾಗಿಸಬೇಡಿ

ಒಂದು ಹೂಡಿಕೆ ಶೇ. 8, ಇನ್ನೊಂದು ಶೇ. 30 ಬೆಳೆದಿದ್ದರೆ ಒಟ್ಟು ಬೆಳವಣಿಗೆ ಶೇ. 19 ಎನ್ನಬಹುದೇ ಎಂದು ಕೇಳಿದ್ದೀರಿ. 2022ರ ಜನವರಿಯಲ್ಲಿ ನಾನೂ ಹೀಗೆಯೇ ಲೆಕ್ಕ ಹಾಕಿದ್ದೆ. ಆಗ ನನ್ನ 4,00,000 ರೂಪಾಯಿ ಶೇ. 5.5ರ ಬಡ್ಡಿಗೆ ಒಂದು ವರ್ಷದ ಠೇವಣಿಯಲ್ಲಿತ್ತು. 50,000 ರೂಪಾಯಿ ಮ್ಯೂಚುವಲ್ ಫಂಡ್‌ನಲ್ಲಿದ್ದು, ಅದು ಅದೇ ಒಂದು ವರ್ಷದಲ್ಲಿ ಶೇ. 44 ಬೆಳೆದಿತ್ತು. ಎರಡನ್ನೂ ಕೂಡಿ, ಅರ್ಧ ಮಾಡಿ, ಠೇವಣಿ ರಸೀದಿಯ ಹಿಂಬದಿಯಲ್ಲಿ 24.75 ಎಂದು ಬರೆದು ಅದರ ಕೆಳಗೆ ಗೆರೆ ಎಳೆದೆ.

ಅದೇ ಹೊತ್ತಿನಲ್ಲಿ ಹೆಂಡತಿಯ ಬಳೆ, ಸರಗಳನ್ನು ಅಡವಿಟ್ಟು ಶೇ. 11ರ ಬಡ್ಡಿಗೆ ತಂದ 3,00,000 ರೂಪಾಯಿ ಸಾಲವೂ ಇತ್ತು. ಠೇವಣಿಯ ಅವಧಿ ಮುಗಿದಿದೆ, ಆ ಹಣದಲ್ಲಿ ಒಡವೆ ಬಿಡಿಸಿಕೊಳ್ಳೋಣ ಎಂದು ಆಕೆ ಹೇಳಿದಾಗ, ಶೇ. 24ಕ್ಕೂ ಮೇಲೆ ದುಡಿಯುತ್ತಿರುವ ಹಣವನ್ನು ಶೇ. 11ರ ಸಾಲಕ್ಕೆ ಏಕೆ ಕಟ್ಟಬೇಕೆಂದು ವಾದಿಸಿ, ಠೇವಣಿಯನ್ನು ಇನ್ನೊಂದು ವರ್ಷಕ್ಕೆ ನವೀಕರಿಸಿದೆ.

ರೂಪಾಯಿಯಲ್ಲಿ ಎಣಿಸಿದ್ದರೆ ಆ ತಪ್ಪು ಆಗುತ್ತಿರಲಿಲ್ಲ. 4,00,000ಕ್ಕೆ ಶೇ. 5.5 ಎಂದರೆ 22,000, 50,000ಕ್ಕೆ ಶೇ. 44 ಎಂದರೂ ಅದೇ 22,000. ಒಟ್ಟು 44,000 ರೂಪಾಯಿ ಲಾಭವನ್ನು ಹೂಡಿದ 4,50,000ದಿಂದ ಭಾಗಿಸಿದರೆ ಬರುವುದು ಶೇ. 9.78 ಮಾತ್ರ, ಅಂದರೆ ಸಾಲದ ಬಡ್ಡಿಗಿಂತ ಕಡಿಮೆ. ಠೇವಣಿಯಲ್ಲಿದ್ದ ಹಣ ಎಂಟು ಪಟ್ಟು ದೊಡ್ಡದಾಗಿದ್ದರೂ, ಎರಡರಿಂದ ಭಾಗಿಸುವ ಮೂಲಕ ನಾನು ಎರಡಕ್ಕೂ ಸಮಾನ ತೂಕ ಕೊಟ್ಟಿದ್ದೆ. ಮುಂದಿನ ವರ್ಷ ಸಾಲಕ್ಕೆ 33,000 ಬಡ್ಡಿ ಕಟ್ಟಿದೆ. ಠೇವಣಿಯಲ್ಲಿದ್ದ ಅಷ್ಟೇ ಮೊತ್ತಕ್ಕೆ ಬಂದದ್ದು 16,500. ಉಳಿದ 16,500 ಕೈಯಿಂದ ಹೋಯಿತು. ಠೇವಣಿ ಬಡ್ಡಿಯ ಮೇಲಿನ ಆದಾಯ ತೆರಿಗೆ ಬೇರೆ.

ನೀವು ಶೇಕಡಾಗಳನ್ನು ಮಾತ್ರ ಕೊಟ್ಟು ಮೊತ್ತವನ್ನು ತಿಳಿಸಿಲ್ಲವಾದ್ದರಿಂದ ನಿಮ್ಮ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಶೇ. 8ರದ್ದು 2,00,000, ಶೇ. 30ರದ್ದು 20,000 ಆಗಿದ್ದರೆ ಒಟ್ಟು ಶೇ. 10, ಮೊತ್ತಗಳು ಅದಲುಬದಲಾದರೆ ಶೇ. 28. ವರ್ಷದ ನಡುವೆ ಹಣ ಸೇರಿಸಿದ್ದರೆ ಈ ಸರಳ ಭಾಗಾಕಾರವೂ ಸಾಲದು. ಪ್ರತಿ ಕಂತಿನ ಮೊತ್ತ, ದಿನಾಂಕ ಹಾಕಿ, ಹಣ ಎಷ್ಟು ದಿನ ಇತ್ತು ಎಂಬುದನ್ನೂ ಲೆಕ್ಕಕ್ಕೆ ಹಿಡಿದು ವಾರ್ಷಿಕ ದರ ಕೊಡುವ ಎಕ್ಸೆಲ್‌ನ ಎಕ್ಸ್‌ಐಆರ್‌ಆರ್ (XIRR) ಸೂತ್ರದಲ್ಲಿ ನೋಡಬೇಕು.

ಆದರೂ ಯಾವ ಹಣವನ್ನು ಉಳಿಸಿಕೊಳ್ಳಬೇಕು, ಯಾವುದನ್ನು ತೆಗೆಯಬೇಕು ಎಂದು ನಿರ್ಧರಿಸಲು ನೀವು ಈ ಒಟ್ಟು ಅಂಕಿಯನ್ನು ಹುಡುಕುತ್ತಿದ್ದರೆ, ಅದನ್ನು ಬಿಟ್ಟುಬಿಡಿ ಎನ್ನುವುದೇ ನನ್ನ ಸ್ಪಷ್ಟ ಅಭಿಪ್ರಾಯ. ನನ್ನ ಸಾಲ ತೀರಿಸಬೇಕಿದ್ದದ್ದು ಠೇವಣಿಯ ಹಣ. ಆದ್ದರಿಂದ ಹೋಲಿಸಬೇಕಿದ್ದದ್ದು 5.5 ಮತ್ತು 11 ಎಂಬ ಎರಡೇ ಅಂಕಿಗಳನ್ನು. ಸರಿಯಾದ 9.78 ಕೂಡ ಅಲ್ಲಿ ಬೇಕಿರಲಿಲ್ಲ.